ಹರಾಜಿಗೆ ಇಟ್ಟರೂ ಕೂಗುವವರಿಲ್ಲ: ಈ ಸಲದ ಐಎಸ್‌ಎಲ್ ಫುಟ್‌ಬಾಲ್ ಅರ್ಧಕ್ಕೆ ಇಳಿದದ್ದು ಯಾಕೆ?

ಬನ್ನೂರು: ಕ್ರಿಕೆಟ್ ಮುಂದೆ ಕಡಿಮೆಯೇ ಇರಬಹುದು, ಆದರೂ ಫುಟ್‌ಬಾಲ್ ನೋಡುವ ಹುಡುಗರು ನಮ್ಮೂರಲ್ಲೂ ಇದ್ದಾರೆ. ಸೆಪ್ಟೆಂಬರ್ ಬಂತು ಅಂದ್ರೆ ಬೆಂಗಳೂರು ಎಫ್‌ಸಿ ಮ್ಯಾಚ್ ಯಾವತ್ತು ಅಂತ ಮೊಬೈಲ್‌ನಲ್ಲಿ ಹುಡುಕುವವರು ಇವರು. ಈ ಸಲ ಸೆಪ್ಟೆಂಬರ್ ಹೋಯ್ತು, ದಸರಾ ಹೋಯ್ತು, ದೀಪಾವಳಿ ಹೋಯ್ತು, ಸಂಕ್ರಾಂತಿಯೂ ಮುಗೀತು. ದೇಶದ ಅತಿ ದೊಡ್ಡ ಫುಟ್‌ಬಾಲ್ ಲೀಗ್ ಮಾತ್ರ ಶುರುವಾಗಲಿಲ್ಲ.

ಕೊನೆಗೂ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಫೆಬ್ರವರಿ 14ಕ್ಕೆ ಶುರು ಎಂದು ಕೇಂದ್ರ ಕ್ರೀಡಾ ಸಚಿವ ಮನ್ಸುಖ್ ಮಾಂಡವೀಯ ಜನವರಿ 6ರಂದು ಪ್ರಕಟಿಸಿದ್ದಾರೆ. 14 ತಂಡ, 91 ಪಂದ್ಯ. ಇಷ್ಟು ತಡ ಯಾಕಾಯ್ತು? ಪಂದ್ಯ ಯಾಕೆ ಕಡಿಮೆಯಾಯ್ತು? ಆಟಗಾರರಿಗೆ ಏನಾಯ್ತು? ಒಂದೊಂದಾಗಿ ನೋಡೋಣ.

ಸಂತೆ ಸುಂಕದ ಲೆಕ್ಕದಲ್ಲೇ ಹೇಳುವುದಾದರೆ

ಸಂತೆ ಸುಂಕದ ಹರಾಜು ವ್ಯಾಪಾರಿಗಳಿಗೆಲ್ಲ ಗೊತ್ತಿರುವುದೇ. ಸಂತೆ ಜಾಗ ಸ್ಥಳೀಯ ಸಂಸ್ಥೆಯದು. ಹರಾಜಿನಲ್ಲಿ ಹೆಚ್ಚು ಕೂಗಿದವನು ಗುತ್ತಿಗೆದಾರ. ಅವನು ಸಂಸ್ಥೆಗೆ ದುಡ್ಡು ಕಟ್ಟಿ, ಆಮೇಲೆ ಸಂತೆಯಲ್ಲಿ ಕೂರುವವರಿಂದ ವಸೂಲಿ ಮಾಡಿಕೊಳ್ಳುತ್ತಾನೆ. ಐಎಸ್‌ಎಲ್ ನಡೆದದ್ದೂ ಹೆಚ್ಚು ಕಡಿಮೆ ಹೀಗೇ.

ಇಲ್ಲಿ ಜಾಗದ ಒಡೆಯ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ (ಎಐಎಫ್‌ಎಫ್). 2010ರ ಡಿಸೆಂಬರ್‌ನಲ್ಲಿ ಅದು ತನ್ನ ವಾಣಿಜ್ಯ ಹಕ್ಕುಗಳನ್ನು 15 ವರ್ಷಕ್ಕೆ ಗುತ್ತಿಗೆ ಕೊಟ್ಟಿತು. ಆ ಗುತ್ತಿಗೆ ರಿಲಯನ್ಸ್ ಸಮೂಹದ ಫುಟ್‌ಬಾಲ್ ಸ್ಪೋರ್ಟ್ಸ್ ಡೆವಲಪ್‌ಮೆಂಟ್ (ಎಫ್‌ಎಸ್‌ಡಿಎಲ್) ಕೈಯಲ್ಲಿತ್ತು. 2014ರ ಅಕ್ಟೋಬರ್‌ನಲ್ಲಿ 8 ತಂಡಗಳೊಂದಿಗೆ ಐಎಸ್‌ಎಲ್ ಶುರು ಮಾಡಿದ್ದು ಇವರೇ. ಟಿವಿ ಹಕ್ಕು, ಪ್ರಾಯೋಜಕರು, ವೇಳಾಪಟ್ಟಿ ಎಲ್ಲ ಅವರದೇ ಉಸ್ತುವಾರಿ. ಫೆಡರೇಷನ್‌ಗೆ ವರ್ಷಕ್ಕೆ ₹50 ಕೋಟಿ ಬರುತ್ತಿತ್ತು. ಕ್ಲಬ್‌ಗಳು ಅಂದ್ರೆ ಸಂತೆಯಲ್ಲಿ ಅಂಗಡಿ ಹಾಕಿದವರು ಇದ್ದ ಹಾಗೆ.

ಆ ಗುತ್ತಿಗೆ ಮುಗಿಯುವ ದಿನ 2025ರ ಡಿಸೆಂಬರ್ 8. ಸೀಸನ್ ಶುರುವಾಗುವುದು ಅದಕ್ಕೂ ಮೊದಲು, ಮುಗಿಯುವುದು ಅದಾದ ಎಷ್ಟೋ ತಿಂಗಳಿಗೆ. ಅರ್ಧ ಸೀಸನ್‌ಗೆ ಮಾತ್ರ ಹಕ್ಕು ಇಟ್ಟುಕೊಂಡು ಯಾರು ತಾನೇ ದುಡ್ಡು ಹಾಕ್ತಾರೆ? 2025ರ ಜುಲೈ 11ರಂದು ಎಫ್‌ಎಸ್‌ಡಿಎಲ್ ಸೀಸನ್ ತಡೆಹಿಡಿದಿರುವುದಾಗಿ ಕ್ಲಬ್‌ಗಳಿಗೆ ತಿಳಿಸಿತು.

ಮೊದಲೇ ಗುತ್ತಿಗೆ ನವೀಕರಿಸಬಹುದಿತ್ತಲ್ಲ?

ಮಾಡಬಹುದಿತ್ತು, ಆದರೆ ಆಗ ಫೆಡರೇಷನ್‌ನ ನಿಯಮಾವಳಿಯ ಪ್ರಕರಣ ಸುಪ್ರೀಂ ಕೋರ್ಟ್‌ನಲ್ಲಿತ್ತು. ತೀರ್ಪು ಬರುವವರೆಗೆ ಹೊಸ ಗುತ್ತಿಗೆಯ ಮಾತು ಮುಂದಕ್ಕೆ ಹೋಗುವಂತಿರಲಿಲ್ಲ. ಸೆಪ್ಟೆಂಬರ್ 19ರಂದು ತೀರ್ಪು ಬಂತು. ಅಕ್ಟೋಬರ್‌ನಲ್ಲಿ ಫೆಡರೇಷನ್ ಟೆಂಡರ್ ಕರೆಯಿತು. ವರ್ಷಕ್ಕೆ ಕನಿಷ್ಠ ₹37.5 ಕೋಟಿ ಅಥವಾ ಒಟ್ಟು ಆದಾಯದ ಶೇ 5, ಇದರಲ್ಲಿ ಯಾವುದು ಹೆಚ್ಚೋ ಅದನ್ನು ಕಟ್ಟಬೇಕು ಎಂಬುದು ಷರತ್ತು. ನವೆಂಬರ್ 7 ಕೊನೇ ದಿನ.

ಆ ದಿನ ಕಳೆದರೂ ಒಂದೇ ಒಂದು ಬಿಡ್ ಬರಲಿಲ್ಲ. ಹಿಂದೆ ₹50 ಕೋಟಿ ಬರುತ್ತಿದ್ದ ಜಾಗಕ್ಕೆ ಈಗ ₹37.5 ಕೋಟಿಗೂ ಕೂಗುವವರಿಲ್ಲ. ಗುತ್ತಿಗೆದಾರನಿಲ್ಲ, ಹಾಗಾಗಿ ಸಂತೆಯೂ ಇಲ್ಲ.

ಸಂಬಳಕ್ಕೆ ಬಿದ್ದ ಪೆಟ್ಟು

‘ಒಂದು ವರ್ಷ ಆಡದಿದ್ರೆ ಏನಂತೆ’ ಅನ್ನಿಸಬಹುದು. ಅಂಗಡಿ ನಡೆಸುವವರಿಗೆ ಇದು ಬೇಗ ಅರ್ಥವಾಗುತ್ತೆ. ಬಾಗಿಲು ಮುಚ್ಚಿದ್ದರೂ ಬಾಡಿಗೆ ನಿಲ್ಲಲ್ಲ, ಕೆಲಸದವರ ಸಂಬಳ ನಿಲ್ಲಲ್ಲ. ಕ್ಲಬ್‌ಗೂ ಅಷ್ಟೇ. ಪಂದ್ಯವಿಲ್ಲ ಅಂದ್ರೆ ಟಿಕೆಟ್ ಇಲ್ಲ, ಪ್ರಾಯೋಜಕರಿಲ್ಲ. ಆಟಗಾರರು, ತರಬೇತುದಾರರು, ಫಿಸಿಯೊ ಇವರ ಖರ್ಚು ಮಾತ್ರ ತಿಂಗಳು ತಿಂಗಳೂ ಇದ್ದೇ ಇರುತ್ತೆ.

ನಮ್ಮ ರಾಜ್ಯದ ಬೆಂಗಳೂರು ಎಫ್‌ಸಿ ಉದಾಹರಣೆಯನ್ನೇ ನೋಡಿ. 2013ರಲ್ಲಿ ಹುಟ್ಟಿದ ಈ ಕ್ಲಬ್ ಮೊದಲ ವರ್ಷವೇ ಐ-ಲೀಗ್ ಗೆದ್ದಿತು. 2018–19ರಲ್ಲಿ ಗೋವಾ ವಿರುದ್ಧ ಹೆಚ್ಚುವರಿ ಸಮಯದಲ್ಲಿ ರಾಹುಲ್ ಭೆಕೆ ಹೊಡೆದ ಹೆಡರ್‌ನಿಂದ ಐಎಸ್‌ಎಲ್ ಕಪ್ ಎತ್ತಿತು. ಹಿಂದಿನ ಸೀಸನ್‌ನಲ್ಲೂ 2025ರ ಏಪ್ರಿಲ್ 12ರ ಫೈನಲ್‌ವರೆಗೆ ಹೋಗಿ, ಕೋಲ್ಕತ್ತಾದಲ್ಲಿ ಮೋಹನ್ ಬಗಾನ್ ಎದುರು 1–2ರಲ್ಲಿ ಸೋತಿತು. ಇಂಥ ಕ್ಲಬ್ ಕೂಡ ಫೈನಲ್ ಆಡಿ ನಾಲ್ಕು ತಿಂಗಳಾಗುವುದರೊಳಗೆ, ಆಗಸ್ಟ್‌ನಲ್ಲಿ, ಮೊದಲ ತಂಡದ ಆಟಗಾರರು ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ತಡೆಹಿಡಿಯುತ್ತಿರುವುದಾಗಿ ಹೇಳಿತು.

ಬೇರೆ ಕಡೆಯೂ ಏರುಪೇರಾಯಿತು. ಹೈದರಾಬಾದ್ ತಂಡ ಊರನ್ನೇ ಬಿಟ್ಟು ದೆಹಲಿಗೆ ಹೋಗಿ ಹೊಸ ಹೆಸರು ಇಟ್ಟುಕೊಂಡಿತು. ಇಂಗ್ಲೆಂಡ್‌ನ ಮ್ಯಾಂಚೆಸ್ಟರ್ ಸಿಟಿಯ ಮಾಲೀಕರಾದ ಸಿಟಿ ಫುಟ್‌ಬಾಲ್ ಗ್ರೂಪ್, ಮುಂಬೈ ಸಿಟಿ ಕ್ಲಬ್‌ನಲ್ಲಿದ್ದ ತನ್ನ ಪಾಲನ್ನು ಬಿಟ್ಟು ಡಿಸೆಂಬರ್‌ನಲ್ಲಿ ಹೊರನಡೆಯಿತು. ಜನವರಿ ಮೊದಲ ವಾರ ಸುನಿಲ್ ಚೆಟ್ರಿ, ಗುರುಪ್ರೀತ್ ಸಿಂಗ್ ಸಂಧು, ಸಂದೇಶ್ ಜಿಂಗನ್ ಅವರಂಥ ಆಟಗಾರರೇ ವಿಡಿಯೊ ಮಾಡಿ, ಭಾರತದ ಫುಟ್‌ಬಾಲ್ ಉಳಿಸಿ ಎಂದು ವಿಶ್ವ ಸಂಸ್ಥೆ ಫಿಫಾವನ್ನು ಕೇಳಿಕೊಂಡರು.

ಚೆಟ್ರಿಗೆ ಈಗ 41. ಹಿಂದಿನ ಸೀಸನ್‌ನಲ್ಲಿ 14 ಗೋಲು ಹೊಡೆದು ಭಾರತೀಯರಲ್ಲೇ ಮೊದಲಿಗರಾದವರು. ಹೆಸರು ಮಾಡಿದವರು ಹೇಗೋ ತಡೆದುಕೊಳ್ಳಬಹುದು. ಮೊದಲ ಒಪ್ಪಂದಕ್ಕೆ ಸಹಿ ಹಾಕಿ, ಮನೆಗೆ ದುಡ್ಡು ಕಳಿಸಲು ಶುರು ಮಾಡಿದ್ದ 20ರ ಹುಡುಗನ ಪಾಡು ಬೇರೆ. ಆಟಗಾರನ ದುಡಿಮೆ ಹತ್ತು ಹನ್ನೆರಡು ವರ್ಷದ್ದು. ಅದರಲ್ಲಿ ಅರ್ಧ ವರ್ಷ ಸುಮ್ಮನೆ ಹೋದರೆ ಮತ್ತೆ ಬರಲ್ಲ.

91 ಪಂದ್ಯದ ಲೆಕ್ಕ ಹೇಗೆ?

ಹಿಂದಿನ ಸೀಸನ್‌ನಲ್ಲಿ 13 ತಂಡ. ಪ್ರತಿ ತಂಡವೂ ಉಳಿದ 12 ತಂಡಗಳ ಜೊತೆ ಎರಡು ಸಲ ಆಡಬೇಕಿತ್ತು, ಒಂದು ತನ್ನೂರಲ್ಲಿ, ಒಂದು ಅವರೂರಲ್ಲಿ. ಅಂದ್ರೆ ತಂಡಕ್ಕೆ 24 ಪಂದ್ಯ. ಒಟ್ಟು 156. ಅದರ ಮೇಲೆ ಪ್ಲೇ ಆಫ್‌ನ 7 ಸೇರಿ 163.

ಈ ಸಲ 14 ತಂಡ. ಆದರೆ ಒಬ್ಬರೊಬ್ಬರು ಒಂದೇ ಸಲ ಎದುರಾಗ್ತಾರೆ. ತಂಡಕ್ಕೆ 13 ಪಂದ್ಯ. 14ನ್ನು 13ರಿಂದ ಗುಣಿಸಿದರೆ 182. ಒಂದು ಪಂದ್ಯಕ್ಕೆ ಎರಡು ತಂಡ ಆದ್ದರಿಂದ ಅರ್ಧ ಮಾಡಿದರೆ 91. ಅವರೂರು ಇವರೂರು ಅಂತ ಎರಡೆರಡು ಸಲ ಆಡಿದ್ದರೆ ಪೂರ್ತಿ 182 ಆಗ್ತಿತ್ತು.

ಇದರಿಂದ ಎರಡು ಬದಲಾವಣೆ.

ಮೊದಲನೆಯದು ಆಟದ್ದು. ಗೆದ್ದರೆ 3 ಪಾಯಿಂಟ್, ಡ್ರಾ ಆದರೆ 1, ಸೋತರೆ ಏನೂ ಇಲ್ಲ. 24 ಪಂದ್ಯ ಇದ್ದಾಗ ಶುರುವಿನಲ್ಲಿ ಎರಡು ಸೋತರೂ ಮುಂದೆ ಸರಿ ಮಾಡಿಕೊಳ್ಳಬಹುದು. 13ರಲ್ಲಿ ಆ ಸಮಯ ಇಲ್ಲ. ನಿಮ್ಮೂರಲ್ಲಿ ಸೋತೆ, ನನ್ನೂರಿಗೆ ಬಾ ನೋಡ್ಕೋತೀನಿ ಅನ್ನುವ ಹಾಗೂ ಇಲ್ಲ.

ಎರಡನೆಯದು ಹೊಟ್ಟೆಪಾಡಿನದು. ಹಿಂದಿನ ಲೀಗ್‌ನಲ್ಲಿ ತಂಡಕ್ಕೆ ತವರಿನ ಪಂದ್ಯ 12 ಇದ್ದವು. ಈಗ ಹೆಚ್ಚು ಕಡಿಮೆ ಅದರ ಅರ್ಧದಷ್ಟು. ಬೆಂಗಳೂರಿನ ಕಂಠೀರವ ಕ್ರೀಡಾಂಗಣದ ಹೊರಗೆ ಬಾವುಟ, ಜರ್ಸಿ, ತಿಂಡಿ ಮಾರುವವರಿಗೆ ವ್ಯಾಪಾರದ ದಿನವೂ ಅಷ್ಟೇ ಕಡಿಮೆ. ನಮ್ಮ ಕಡೆಯಿಂದ ಬಸ್ ಹತ್ತಿ ಹೋಗಿ ಮ್ಯಾಚ್ ನೋಡುವವರು ಮೊದಲೇ ದಿನ ನೋಡಿಕೊಂಡು ಹೊರಡುವುದು ಒಳ್ಳೆಯದು. ಈ ಸಲ ತಪ್ಪಿದರೆ ಅದೇ ಎದುರಾಳಿ ಮತ್ತೆ ಬರಲ್ಲ.

ಈಗ ನಡೆಸುವವರು ಯಾರು?

ಹೊರಗಿನ ಗುತ್ತಿಗೆದಾರ ಸಿಗಲಿಲ್ಲ. ಹಾಗಾಗಿ ಫೆಡರೇಷನ್ ಮತ್ತು ಕ್ಲಬ್‌ಗಳೇ ಸೇರಿ ನಡೆಸಬೇಕಿದೆ. ಅದಕ್ಕೆ ₹25 ಕೋಟಿಯ ನಿಧಿ ಎಂದು ಲೆಕ್ಕ ಹಾಕಲಾಗಿದೆ. ವಾಣಿಜ್ಯ ಪಾಲುದಾರ ಸಿಗುವ ತನಕ ಆ ಪಾಲನ್ನೂ ಫೆಡರೇಷನ್ನೇ ಹೊರಬೇಕು. ಹಿಂದೆ ಒಬ್ಬರೇ ವರ್ಷಕ್ಕೆ ₹50 ಕೋಟಿ ಕಟ್ಟುತ್ತಿದ್ದ ಲೀಗ್ ಈಗ ನಾವು ನಾವೇ ಚಂದಾ ಹಾಕಿ ನಡೆಸುವ ಹಬ್ಬದ ಹಾಗಾಗಿದೆ.

ಚಂದಾ ಹಾಕಿ ಒಂದು ವರ್ಷದ ಹಬ್ಬ ಮಾಡಬಹುದು. ಪ್ರತಿ ವರ್ಷವೂ ಅದೇ ದುಡ್ಡು ಕೂಡಿಸುವುದು ಎಷ್ಟು ಕಷ್ಟ ಅಂತ ಹಬ್ಬದ ಕಮಿಟಿಯಲ್ಲಿ ಇದ್ದವರಿಗೆ ಗೊತ್ತು. ಈಗ ಆಗಿರುವುದು ಈ ಒಂದು ಸೀಸನ್‌ನ ವ್ಯವಸ್ಥೆ ಮಾತ್ರ. ಫೆಬ್ರವರಿ 14ರಿಂದ ಯಾರು ಗೆಲ್ತಾರೆ ಅಂತ ನೋಡುವುದರ ಜೊತೆಗೆ ಇನ್ನೊಂದನ್ನೂ ನೋಡಬೇಕು. ಸೀಸನ್ ಮುಗಿಯುವುದರೊಳಗೆ ಮುಂದಿನ ಗುತ್ತಿಗೆ ಗಟ್ಟಿಯಾಗುತ್ತಾ ಇಲ್ಲವಾ ಅಂತ. ಬರುವ ಸೆಪ್ಟೆಂಬರ್‌ನಲ್ಲಿ ನಮ್ಮ ಹುಡುಗರು ಮತ್ತೆ ಮೊಬೈಲ್ ತೆಗೆದಾಗ ಅಲ್ಲಿ ಪಂದ್ಯದ ದಿನ ಕಾಣಿಸಬೇಕು ಅಂದ್ರೆ ಅದು ಮೊದಲು ಆಗಬೇಕು.