ಉದ್ದು, ಹೆಸರು, ಅಲಸಂದೆ: ವಿಗ್ನ ಕುಲದ ವರ್ಗೀಕರಣವೂ ವರ್ತಕರ ಹಿತವೂ

ಬೇಳೆಕಾಳುಗಳ ವ್ಯಾಪಾರದಲ್ಲಿ ತೊಡಗಿರುವವರಿಗೆ ಸಸ್ಯಗಳ ಲ್ಯಾಟಿನ್ ಹೆಸರುಗಳು ವಿಶ್ವವಿದ್ಯಾನಿಲಯದವರ ಗೊಡವೆಯೆಂದು ತೋರುವುದು ಸಹಜ. ಆದರೆ ನಮ್ಮ ಸುಂಕಪಟ್ಟಿಯ 0713 31 ಎಂಬ ಉಪಶೀರ್ಷಿಕೆಯನ್ನು ತೆರೆದು ನೋಡಿದರೆ ಅಲ್ಲಿ ಕಾಳುಗಳನ್ನು ಗುರುತಿಸಿರುವುದು ಲ್ಯಾಟಿನ್ ಹೆಸರುಗಳಿಂದಲೇ. 0713 31 10ರ ಎದುರಿಗೆ ವಿಗ್ನ ಮುಂಗೋ ಎಂದೂ 0713 31 90ರ ಎದುರಿಗೆ ವಿಗ್ನ ರೇಡಿಯೇಟ ಎಂದೂ ನಮೂದಾಗಿದೆ. ಕೇಂದ್ರ ಸರ್ಕಾರವು 2021ರ ಮೇ ತಿಂಗಳಿನಲ್ಲಿ ತೊಗರಿಯ ಜೊತೆಗೆ ಇವೆರಡರ ಆಮದನ್ನೂ ಮುಕ್ತಗೊಳಿಸಿತು. 2022ರ ಫೆಬ್ರವರಿಯಲ್ಲಿ ಎರಡನೆಯದನ್ನು ಮಾತ್ರ ಪುನಃ ನಿರ್ಬಂಧಿತ ಪಟ್ಟಿಗೆ ಸೇರಿಸಿತು. ಅಂದರೆ ಒಂದೇ ಉಪಶೀರ್ಷಿಕೆಯಡಿಯ ಎರಡು ಕಾಳುಗಳಲ್ಲಿ ಒಂದು ಬಂದರಿನಿಂದ ನಿರಾತಂಕವಾಗಿ ಹೊರಬರಬಹುದಾಗಿದ್ದಾಗ ಇನ್ನೊಂದಕ್ಕೆ ಪರವಾನಗಿ ಬೇಕಾಯಿತು. ಇಂತಹ ಸಂದರ್ಭದಲ್ಲಿ ದಸ್ತಾವೇಜಿನ ಒಂದು ಪದ ತಪ್ಪಿದರೆ ಸರಕು ಗೋದಾಮಿನಲ್ಲಿಯೇ ಉಳಿದು ಬಾಡಿಗೆ ಬೆಳೆಯುತ್ತದೆ.

ಇಲ್ಲಿ ಎಚ್ಚರ ವಹಿಸಬೇಕಾದ ಸಂಗತಿಯೊಂದಿದೆ. ಮುಂಗೋ ಎಂಬ ಪದವನ್ನು ಕೇಳಿದೊಡನೆ ಹಿಂದಿಯ ಮೂಂಗ್ ನೆನಪಾಗುತ್ತದೆ. ಪದದ ಮೂಲವೂ ಅದೇ. ಆದರೆ ವಿಗ್ನ ಮುಂಗೋ ಎಂದರೆ ಹೆಸರುಕಾಳಲ್ಲ, ಉದ್ದು! ಹೆಸರುಕಾಳಿನ ಶಾಸ್ತ್ರೀಯ ನಾಮಧೇಯ ವಿಗ್ನ ರೇಡಿಯೇಟ. ಸ್ವೀಡನ್ನಿನ ಲಿನೇಯಸ್ 1753ರಲ್ಲಿ ಒಂದಕ್ಕೆ ಫ್ಯಾಸಿಯೋಲಸ್ ರೇಡಿಯೇಟಸ್ ಎಂದೂ 1767ರಲ್ಲಿ ಇನ್ನೊಂದಕ್ಕೆ ಫ್ಯಾಸಿಯೋಲಸ್ ಮುಂಗೋ ಎಂದೂ ನಾಮಕರಣ ಮಾಡಿದನು. ಹೀಗೆ ಮೂಂಗ್ ಎಂಬ ದೇಶೀ ಪದವು ಉದ್ದಿನ ಪಾಲಾಯಿತು. ಭಾರತದಲ್ಲಿ ದುಡಿದ ರಾಕ್ಸ್‌ಬರ್ಗ್ ಅದೇ ಹೆಸರುಗಳನ್ನು ಅದಲುಬದಲಾಗಿ ಬಳಸಿದುದಲ್ಲದೆ ಹಳದಿ ಬಣ್ಣದ ಹೆಸರುಕಾಳಿಗೆ ಫ್ಯಾಸಿಯೋಲಸ್ ಆರಿಯಸ್ ಎಂಬ ಮೂರನೆಯ ಹೆಸರನ್ನೂ ಇತ್ತನು. ಆದ್ದರಿಂದ ಹಳೆಯ ಕೃಷಿ ಗ್ರಂಥಗಳಲ್ಲಿ ಮುಂಗೋ ಎಂದು ಕಂಡರೆ ಅದು ಯಾವ ಕಾಳೆಂಬುದನ್ನು ವರ್ಣನೆಯಿಂದಲೇ ನಿಶ್ಚಯಿಸಬೇಕು. ನಾಮಕರಣದ ನಿಯಮದಂತೆ ಮೊದಲು ಪ್ರಕಟವಾದ ಹೆಸರಿಗೇ ಮನ್ನಣೆ. ಅರ್ಥದ ಔಚಿತ್ಯಕ್ಕೆ ಅಲ್ಲಿ ಬೆಲೆಯಿಲ್ಲ.

ವಿಗ್ನ ಎಂಬ ಕುಲವನ್ನು ಸ್ಥಾಪಿಸಿದವನು ಇಟಲಿಯ ಗಯೆಟಾನೊ ಸಾವಿ, 1824ರಲ್ಲಿ. 17ನೆಯ ಶತಮಾನದಲ್ಲಿ ಪೀಸಾ ನಗರದಲ್ಲಿದ್ದ ದೊಮೆನಿಕೊ ವಿಗ್ನ ಎಂಬ ಸಸ್ಯಶಾಸ್ತ್ರಜ್ಞನ ಸ್ಮರಣಾರ್ಥ ಈ ಹೆಸರು ಬಂದಿದೆ. ಆದರೂ ನಮ್ಮ ಉದ್ದು, ಹೆಸರು, ಮಡಿಕೆಗಳು ಬಹುಕಾಲ ಫ್ಯಾಸಿಯೋಲಸ್ ಕುಲದಲ್ಲಿಯೇ ಉಳಿದಿದ್ದವು. ಹೆಸರನ್ನು 1954ರಲ್ಲಿ ವಿಲ್ಜೆಕ್, ಉದ್ದನ್ನು 1956ರಲ್ಲಿ ಹೆಪ್ಪರ್ ವಿಗ್ನಕ್ಕೆ ವರ್ಗಾಯಿಸಿದರು. 1970ರಲ್ಲಿ ಕ್ಯೂ ಉದ್ಯಾನದ ವರ್ಡ್‌ಕೋರ್ಟ್ ಎರಡು ಕುಲಗಳ ಗಡಿಯನ್ನು ಸ್ಪಷ್ಟಪಡಿಸಿದ ಮೇಲೆ ಫ್ಯಾಸಿಯೋಲಸ್ ಎಂಬುದು ಅಮೆರಿಕ ಖಂಡದ ಬೀನ್ಸ್‌ಗಳಿಗೆ ಸೀಮಿತವಾಯಿತು. ರಾಜ್ಮಾ ಮತ್ತು ಡಬಲ್ ಬೀನ್ಸ್ ಆ ಗುಂಪಿನವು. ನಾವು ಹುರುಳಿಕಾಯಿ ಎಂದು ಕೊಳ್ಳುವ ಫ್ರೆಂಚ್ ಬೀನ್ಸ್ ಕೂಡ ಅದೇ ಕುಲದ್ದು. ಹುರುಳಿಕಾಳಿಗೂ ಅದಕ್ಕೂ ನೆಂಟಸ್ತಿಕೆ ದೂರದ್ದು. ಹುರುಳಿಯ ಕುಲ ಮ್ಯಾಕ್ರೊಟೈಲೋಮ, ಅವರೆಯದು ಲ್ಯಾಬ್‌ಲ್ಯಾಬ್. ಸುಂಕಪಟ್ಟಿಯ 0713.3ರಲ್ಲಿ ವಿಗ್ನ ಮತ್ತು ಫ್ಯಾಸಿಯೋಲಸ್ ಎರಡನ್ನೇ ಹೆಸರಿಸಿರುವುದರಿಂದ, ಇಂಗ್ಲಿಷಿನಲ್ಲಿ ಬೀನ್ ಎಂದು ಕರೆಯಿಸಿಕೊಂಡರೂ ಅವರೆಗೆ ಅಲ್ಲಿ ಸ್ಥಾನವಿಲ್ಲ.

ಈ ಗಡಿಯನ್ನು ಗುರುತಿಸುವುದು ಹೂವಿನಲ್ಲಿ. ಫ್ಯಾಸಿಯೋಲಸ್‌ನ ದೋಣಿದಳವು ಗಡಿಯಾರದ ಸುರುಳಿಯಂತೆ ಬಿಗಿಯಾಗಿ ಸುತ್ತಿಕೊಂಡಿರುತ್ತದೆ; ಗಿಡದ ಮೇಲೆ ಕೊಕ್ಕೆಯಾಕಾರದ ಸೂಕ್ಷ್ಮ ರೋಮಗಳಿರುತ್ತವೆ. ಏಷ್ಯಾ ಮೂಲದ ವಿಗ್ನಗಳಲ್ಲಿ ಹೂವು ಹಳದಿ. ದೋಣಿದಳದ ಒಂದು ಬದಿಯಲ್ಲಿ ಕೊಂಬಿನಂತಹ ಚಿಕ್ಕ ಚೀಲವಿರುತ್ತದೆ. ಎಲೆತೊಟ್ಟಿನ ಬುಡದ ಕಾವಿನೆಲೆ ತಾನು ಅಂಟಿಕೊಂಡ ಸ್ಥಳಕ್ಕಿಂತ ಕೆಳಕ್ಕೂ ಚಾಚಿರುತ್ತದೆ. ನೂರಕ್ಕೂ ಹೆಚ್ಚು ಪ್ರಭೇದಗಳಿರುವ ಕುಲವಿದು. ಹೆಸರು ಮತ್ತು ಉದ್ದಿನ ವನ್ಯ ಬಂಧುಗಳು ಪಶ್ಚಿಮ ಘಟ್ಟಗಳಲ್ಲಿ ಇಂದಿಗೂ ಬೆಳೆಯುತ್ತವೆ. ಬಳ್ಳಾರಿ ಸಮೀಪದ ಸಂಗನಕಲ್ಲಿನ ನವಶಿಲಾಯುಗದ ನೆಲೆಯಲ್ಲಿ ಹುರುಳಿಯ ಜೊತೆಗೆ ಕರಿಕಾದ ಹೆಸರುಕಾಳುಗಳು ದೊರೆತಿವೆ. ಅಲಸಂದೆ ಮಾತ್ರ ಆಫ್ರಿಕಾದಿಂದ ಬಂದದ್ದು.

ಹೂವು ಮಾರುಕಟ್ಟೆಗೆ ಬರುವುದಿಲ್ಲ, ಕಾಳು ಬರುತ್ತದೆ. ಬಣ್ಣವನ್ನು ನೆಚ್ಚುವಂತಿಲ್ಲ: ಹಸಿರು ಸಿಪ್ಪೆಯ ಉದ್ದೂ ಉಂಟು, ಕಪ್ಪು ಸಿಪ್ಪೆಯ ಹೆಸರೂ ಉಂಟು. ನೋಡಬೇಕಾದದ್ದು ಕಾಳಿನ ನಾಭಿಯನ್ನು, ಅಂದರೆ ಕಾಯಿಗೆ ಅಂಟಿಕೊಂಡಿದ್ದ ಬಿಳಿಯ ಕಣ್ಣನ್ನು. ಉದ್ದಿನಲ್ಲಿ ಅದರ ಅಂಚು ಎದ್ದು ನಿಂತು ನಡುವೆ ತಗ್ಗಾಗಿರುತ್ತದೆ, ಹೆಸರಿನಲ್ಲಿ ಸಪಾಟಾಗಿರುತ್ತದೆ. ಬೆರಳ ತುದಿಗೇ ತಿಳಿಯುವ ಈ ವ್ಯತ್ಯಾಸಕ್ಕೆ ಭೂತಗನ್ನಡಿಯೂ ಬೇಕಿಲ್ಲ. ಹೊಲದಲ್ಲಾದರೆ ಉದ್ದಿನ ಕಾಯಿ ಉದ್ದ ರೋಮಗಳಿಂದ ಕೂಡಿ ನೆಟ್ಟಗೆ ನಿಂತಿರುತ್ತದೆ, ಹೆಸರಿನದು ಅಡ್ಡಲಾಗಿ ಚಾಚಿ ಇಳಿಬಿದ್ದಿರುತ್ತದೆ.

ಹಪ್ಪಳ ಮತ್ತು ಇಡ್ಲಿ ಹಿಟ್ಟಿನ ಘಟಕಗಳನ್ನು ನಡೆಸುವ ನಮ್ಮ ಸಣ್ಣ ಉದ್ದಿಮೆದಾರರಿಗೆ ಬೇರೆ ಪರೀಕ್ಷೆಯೇ ಬೇಕಾಗದು. ಉದ್ದಿನಲ್ಲಿರುವ ಅರಬಿನೊಗ್ಯಾಲಕ್ಟನ್ ಎಂಬ ಲೋಳೆಯ ಪದಾರ್ಥವೇ ಹಿಟ್ಟನ್ನು ಹಿಗ್ಗಿಸಿ ಗಾಳಿಯ ಗುಳ್ಳೆಗಳನ್ನು ಹಿಡಿದಿಡುತ್ತದೆ. ಅಗ್ಗವೆಂದು ಬೇರೆ ಬೇಳೆ ಬೆರೆತ ಮಾಲನ್ನು ಕೊಂಡರೆ ರುಬ್ಬುವ ಯಂತ್ರವೇ ಅದನ್ನು ಹೇಳಿಬಿಡುತ್ತದೆ, ಆದರೆ ಹಣ ಪಾವತಿಯಾದ ಮೇಲೆ.

ಉಳಿದ ಕಾಳುಗಳ ಸ್ಥಿತಿಯೂ ನೆಟ್ಟಗಿಲ್ಲ. 2012ರ ಅಂತರರಾಷ್ಟ್ರೀಯ ಪರಿಷ್ಕರಣೆಯಲ್ಲಿ ಅಲಸಂದೆಗೆ 0713.35 ಎಂಬ ಪ್ರತ್ಯೇಕ ಸಂಖ್ಯೆ ದೊರೆಯಿತು. ಮಡಿಕೆಗೆ ಅಂತಹ ಭಾಗ್ಯ ಬರಲಿಲ್ಲ, ಅದು ‘ಇತರೆ’ಯಲ್ಲಿಯೇ ಉಳಿಯಿತು. ಜಪಾನಿನ ಅಜುಕಿ ಕಾಳಿನ ಎದುರು ಫ್ಯಾಸಿಯೋಲಸ್ ಅಥವಾ ವಿಗ್ನ ಎಂದು ಎರಡೂ ಹೆಸರುಗಳನ್ನು ಉಳಿಸಿಕೊಳ್ಳಲಾಗಿದೆ. ಉದ್ದು ಮತ್ತು ಹೆಸರುಗಳಿಗೆ ಆ ಸೌಲಭ್ಯವಿಲ್ಲ. ಪ್ರಯೋಗಾಲಯದ ವರದಿಯಲ್ಲಿಯೋ ವಿದೇಶೀ ಮಾರಾಟಗಾರರ ಪಟ್ಟಿಯಲ್ಲಿಯೋ ಫ್ಯಾಸಿಯೋಲಸ್ ಆರಿಯಸ್ ಎಂದು ಕಂಡುಬಂದರೆ ಅದು ವಿಗ್ನ ರೇಡಿಯೇಟವೇ ಎಂದು ಅರಿತು, ಸರಕು ಹಡಗು ಹತ್ತುವ ಮುನ್ನವೇ ತಿದ್ದಿಸಿಕೊಳ್ಳತಕ್ಕದ್ದು. ಬರಿದೇ ಮುಂಗೋ ಎಂದಿದ್ದರೆ ಮಾದರಿಯನ್ನು ತರಿಸಿ ಕಾಳಿನ ಕಣ್ಣನ್ನು ನೋಡತಕ್ಕದ್ದು.