ಹಡಗಿನ ದಿನಚರಿಯಿಂದ ಹವಾಮಾನ ಮುನ್ಸೂಚನೆಗೆ

ಪೂರ್ವ ಏಷ್ಯಾದ ಕಡಲುಗಳಲ್ಲಿ ಏಳುವ ಟೈಫೂನ್ ಮತ್ತು ಬಂಗಾಳ ಕೊಲ್ಲಿಯಲ್ಲಿ ಏಳುವ ಚಂಡಮಾರುತ ಒಂದೇ ಜಾತಿಯ ಬಿರುಗಾಳಿಗಳು. ಬೆಚ್ಚನೆಯ ಸಮುದ್ರದ ಮೇಲೆ ವಾಯುಭಾರ ಕುಸಿದಾಗ ಸುತ್ತಲಿನ ಗಾಳಿ ಆ ಕಡೆಗೆ ನುಗ್ಗಿ ಸುಳಿಯಂತೆ ತಿರುಗತೊಡಗುತ್ತದೆ. ಉಪಗ್ರಹ, ರೇಡಾರ್‌ಗಳಿಲ್ಲದ ಹತ್ತೊಂಬತ್ತನೆಯ ಶತಮಾನದಲ್ಲಿ ಈ ಸಂಗತಿ ತಿಳಿದುಬಂದದ್ದು ನಾವಿಕರು ಬರೆದಿಟ್ಟ ದಾಖಲೆಗಳಿಂದ.

ದಿನಚರಿಗಳ ಜೋಡಣೆ

ಗಾಳಿಯ ದಿಕ್ಕು, ಅದರ ಬಿರುಸು, ವಾಯುಭಾರಮಾಪಕದ ಮಟ್ಟ ಮತ್ತು ಹಡಗು ಇದ್ದ ಸ್ಥಳವನ್ನು ದಿನಚರಿಯಲ್ಲಿ ಬರೆಯುವುದು ನಾವಿಕರ ಪದ್ಧತಿ. ಕಲ್ಕತ್ತೆಯಲ್ಲಿ ನೆಲೆಸಿದ್ದ ಮಾಜಿ ನಾವಿಕ ಹೆನ್ರಿ ಪಿಡಿಂಗ್ಟನ್ ಅವರು 1839ರಿಂದ ಇಂಥ ದಿನಚರಿಗಳನ್ನು ಕಲೆಹಾಕಿ ಹೋಲಿಸಿ ನೋಡಿದರು. ಬಿರುಗಾಳಿಯ ನಡುಭಾಗಕ್ಕೆ ಪಶ್ಚಿಮದಲ್ಲಿದ್ದ ಹಡಗಿಗೆ ಉತ್ತರದಿಂದ ಗಾಳಿ ಬೀಸಿದರೆ, ಅದೇ ಹೊತ್ತಿನಲ್ಲಿ ಪೂರ್ವದಲ್ಲಿದ್ದ ಹಡಗಿಗೆ ದಕ್ಷಿಣದಿಂದ ಬೀಸುತ್ತಿತ್ತು. ಇವನ್ನು ನಕ್ಷೆಯ ಮೇಲೆ ಜೋಡಿಸಿದಾಗ, ನಮ್ಮ ಕಡಲುಗಳಲ್ಲಿ ಬಿರುಗಾಳಿ ಗಡಿಯಾರದ ಮುಳ್ಳಿಗೆ ಎದುರಾಗಿ ಸುತ್ತುವುದೂ ಅದು ಸಾಗಿದ ದಾರಿಯೂ ಕಂಡುಬಂದವು. 1848ರಲ್ಲಿ ಅವರು ಇದಕ್ಕೆ ‘ಸೈಕ್ಲೋನ್’ ಎಂದು ಹೆಸರಿಟ್ಟರು. ಹಾವಿನ ಸುರುಳಿಯನ್ನು ಸೂಚಿಸುವ ಗ್ರೀಕ್ ಪದವೇ ಈ ಹೆಸರಿಗೆ ಮೂಲ.

ಕಿವಿಗೊಡದ ಎಚ್ಚರಿಕೆ

ಕಲ್ಕತ್ತೆಯ ಆಗ್ನೇಯಕ್ಕೆ ಮಾತ್ಲಾ ನದಿಯ ದಡದಲ್ಲಿ ಹೊಸ ಬಂದರು ಕಟ್ಟುವ ಯೋಜನೆಯಿತ್ತು. ಚಂಡಮಾರುತ ಬಂದರೆ ಕಡಲ ನೀರು ಉಕ್ಕಿ ಆ ಸ್ಥಳವನ್ನು ಮುಳುಗಿಸುವುದೆಂದು ಪಿಡಿಂಗ್ಟನ್ 1853ರಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿ ಅವರಿಗೆ ಪತ್ರ ಬರೆದು ಎಚ್ಚರಿಸಿದರು. ಆದರೂ ಕ್ಯಾನಿಂಗ್ ಬಂದರು ಎದ್ದಿತು. 1867ರ ನವೆಂಬರಿನ ಚಂಡಮಾರುತದಲ್ಲಿ ನೀರು ನುಗ್ಗಿ ಅದು ಹಾಳಾಯಿತು; ಕೆಲವೇ ವರ್ಷಗಳಲ್ಲಿ ಬಂದರನ್ನು ಕೈಬಿಡಬೇಕಾಯಿತು.

ಗಾಳಿಗಿಂತ ನೀರು ಘೋರ

1864ರ ಅಕ್ಟೋಬರ್ 5ರಂದು ಕಲ್ಕತ್ತೆಗೆ ಬಡಿದ ಚಂಡಮಾರುತದಲ್ಲಿ ಸತ್ತವರು ಸುಮಾರು 50 ರಿಂದ 60 ಸಾವಿರ. ಹೂಗ್ಲಿ ನದಿಯೊಳಗೆ ನುಗ್ಗಿದ ಕಡಲ ನೀರೇ ಈ ಸಾವುಗಳಿಗೆ ಮುಖ್ಯ ಕಾರಣ. ಇದಾದ ಮೇಲೆ 1865ರಲ್ಲಿ ಕಲ್ಕತ್ತೆ ಬಂದರಿಗೆ ಬಿರುಗಾಳಿಯ ಎಚ್ಚರಿಕೆ ಕೊಡುವ ಏರ್ಪಾಡಾಯಿತು. 1875ರಲ್ಲಿ ಭಾರತದ ಹವಾಮಾನ ಇಲಾಖೆ ಸ್ಥಾಪನೆಯಾಯಿತು.

ಮರುವರ್ಷವೇ, 1876ರ ಅಕ್ಟೋಬರ್ 31ರ ರಾತ್ರಿ, ಇಂದಿನ ಬಾಂಗ್ಲಾದೇಶದ ಬಾಕರ್‌ಗಂಜ್ ಪ್ರದೇಶದ ಮೇಲೆ ಚಂಡಮಾರುತ ಎರಗಿತು. ಅಲ್ಲಿ ಕಡಲಿನ ಆಳ ಕಡಿಮೆ. ಗಾಳಿ ತಳ್ಳಿತಂದ ನೀರಿಗೆ ಹರಡಲು ಎಡೆಯಿಲ್ಲದೆ ಅದು ದಡದ ಮೇಲೇರಿತು. ಉಬ್ಬರದ ಹೊತ್ತೂ ಕೂಡಿಬಂದು ನೀರು ಸುಮಾರು 40 ಅಡಿಯವರೆಗೂ ಏರಿತೆಂದು ದಾಖಲಾಗಿದೆ. ಸುಮಾರು ಒಂದು ಲಕ್ಷ ಜನ ಮುಳುಗಿ ಸತ್ತರು. ನಂತರ ಕಾಲರಾ ಮತ್ತು ಹಸಿವಿನಿಂದ ಸತ್ತವರೂ ಹೆಚ್ಚುಕಡಿಮೆ ಅಷ್ಟೇ ಮಂದಿ ಎಂಬ ಅಂದಾಜಿದೆ. ಅಂದಿನ ಎಚ್ಚರಿಕೆಗಳು ಮುಖ್ಯವಾಗಿ ಬಂದರುಗಳಿಗಾಗಿ ಇದ್ದವು. ಬೇಸಾಯಗಾರರಿಗೆಂದೇ ಇಲಾಖೆಯು ಹವಾಮಾನ ವಾರ್ತೆ ಆರಂಭಿಸಿದ್ದು 1945ರಲ್ಲಿ.

ನಮ್ಮ ರೈತರು ಗಮನಿಸಬೇಕಾದುದು

ಬಂಗಾಳ ಕೊಲ್ಲಿಯ ಚಂಡಮಾರುತಗಳು ಆಂಧ್ರ, ತಮಿಳುನಾಡು ಕರಾವಳಿಯನ್ನು ದಾಟಿದಾಗ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಕೋಲಾರ ಮೊದಲಾದ ನಮ್ಮ ಪೂರ್ವ ಜಿಲ್ಲೆಗಳಲ್ಲೂ ಮಳೆಯಾಗುವುದುಂಟು. ಈ ಮಳೆಯಿಂದ ಕೆರೆ ತುಂಬಬಹುದು. ಕೊಯ್ದು ಹೊಲದಲ್ಲಿ ಬಿಟ್ಟ ರಾಗಿ ಮೊಳಕೆಯೊಡೆದು ಕೆಡಲೂಬಹುದು. ಆದ್ದರಿಂದ ಮುನ್ಸೂಚನೆ ಬಂದೊಡನೆ

1. ಬಲಿತ ಬೆಳೆಯನ್ನು ಕೊಯ್ಯುವ ಮುನ್ನ ಮುಂದಿನ ಮೂರ್ನಾಲ್ಕು ದಿನಗಳ ಸೂಚನೆ ತಿಳಿಯಿರಿ.
2. ಕೊಯ್ದ ತೆನೆಯನ್ನು ಎತ್ತರದ ಜಾಗದಲ್ಲಿ ಬಣವೆ ಒಟ್ಟಿ, ಮೇಲೆ ಹೊದಿಸಿ.
3. ಗೊಬ್ಬರ ಹಾಕುವುದನ್ನೂ ಔಷಧಿ ಸಿಂಪಡಿಸುವುದನ್ನೂ ಮುಂದೂಡಿ.
4. ಹೊಲದ ಬಸಿಗಾಲುವೆಗಳನ್ನು ಬಿಡಿಸಿಡಿ.

ಮಳೆಮಾಪಕ ಇದ್ದವರು ಪ್ರತಿದಿನ ಬೆಳಿಗ್ಗೆ 8.30ಕ್ಕೆ ಮಳೆಯನ್ನು ಅಳೆದು, ಗಾಳಿಯ ದಿಕ್ಕಿನ ಸಮೇತ ಪುಸ್ತಕದಲ್ಲಿ ಬರೆದಿಡುವುದು ಒಳ್ಳೆಯದು. ಒಂದು ದಿನದ ಬರಹದಿಂದ ತಿಳಿಯುವುದು ಅಲ್ಪ. ಹತ್ತಾರು ವರ್ಷಗಳ ಬರಹ ಒಟ್ಟಾದರೆ, ಯಾವ ವಾರ ಬಿತ್ತಬೇಕು, ಯಾವ ವಾರ ಕೊಯ್ಲಿಗೆ ಅಪಾಯ ಹೆಚ್ಚು ಎಂಬುದನ್ನು ಆ ಹೊಲದ ಮಟ್ಟಿಗೆ ಅದೇ ಹೇಳಬಲ್ಲದು.