ಕೇಪಳ: ಗುಡ್ಡದ ಹೂ ಹಿತ್ತಲಿಗೆ

ಕರಾವಳಿ, ಮಲೆನಾಡಿನ ಜಂಬಿಟ್ಟಿಗೆಯ ಗುಡ್ಡಗಳಲ್ಲಿ ಕೆಂಪು ಹೂಗೊಂಚಲು ಹೊತ್ತ ಪೊದೆಗಳನ್ನು ನೀವು ಕಂಡಿರಬಹುದು. ಅದೇ ಕೇಪಳ. 1753ರಲ್ಲಿ ಲಿನೇಯಸ್ ಇದಕ್ಕೆ ಇಟ್ಟ ಹೆಸರು ‘ಇಕ್ಸೋರ ಕಾಕ್ಸಿನಿಯ’. ಕಾಫಿಯ ಕುಟುಂಬವಾದ ರೂಬಿಯೇಸಿಗೆ ಸೇರಿದ ಈ ಸಸ್ಯ ದಕ್ಷಿಣ ಭಾರತ ಹಾಗೂ ಶ್ರೀಲಂಕಾ ಮೂಲದ್ದು.

ಹೂವಿಗೆ ನಾಲ್ಕು ದಳ, ಸುಮಾರು 3 ಸೆಂ.ಮೀ. ಉದ್ದದ ಸಪೂರ ಕೊಳವೆ. ಅದರ ತಳದ ಮಕರಂದ ನೀಳ ಸೊಂಡಿಲಿನ ಚಿಟ್ಟೆಗಳಿಗೆ ಸುಲಭವಾಗಿ ಎಟಕುತ್ತದೆ. ಮಕ್ಕಳು ಹೂವಿನ ಬುಡ ಚೀಪಿ ಸಿಹಿ ಸವಿಯುತ್ತಾರೆ, ಮಾಗಿದ ಹಣ್ಣನ್ನೂ ತಿನ್ನುತ್ತಾರೆ. ಹೂವನ್ನು ಜೀರಿಗೆ, ಕಾಳುಮೆಣಸಿನೊಡನೆ ತುಪ್ಪದಲ್ಲಿ ಬಾಡಿಸಿ, ಕಾಯಿತುರಿ ಸೇರಿಸಿ ರುಬ್ಬಿ, ಮಜ್ಜಿಗೆ ಬೆರೆಸಿದರೆ ತಂಬುಳಿ ಸಿದ್ಧ.

ಬೆಳೆಸುವುದು ಹೇಗೆ? ಮಳೆಗಾಲದಲ್ಲಿ ಅರೆಬಲಿತ ರೆಂಬೆಯಿಂದ 10–15 ಸೆಂ.ಮೀ. ಉದ್ದದ ಕಡ್ಡಿ ಕತ್ತರಿಸಿ. ಕೆಳಗಿನ ಎಲೆಗಳನ್ನು ತೆಗೆದು, ಮರಳು ಬೆರೆತ ಮಣ್ಣಿನಲ್ಲಿ ನೆಟ್ಟು ನೆರಳಿನಲ್ಲಿಡಿ. ಚಿಗುರು ಕಂಡೊಡನೆ ಬೇರು ಬಂತೆಂದು ತಿಳಿಯಬೇಡಿ. ಕಡ್ಡಿಯಲ್ಲಿ ಉಳಿದ ಆಹಾರದಿಂದಲೂ ಚಿಗುರು ಬರಬಲ್ಲದು. ಮೆಲ್ಲನೆ ಎಳೆದಾಗ ಕಡ್ಡಿ ಅಲುಗದಿದ್ದರೆ ಬೇರೂರಿದೆ ಎಂದರ್ಥ. ಅನಂತರ ಬಿಸಿಲು ಬೀಳುವ, ನೀರು ನಿಲ್ಲದ ಕಡೆ ನೆಡಿ. ಹೂ ಬಿಡುವುದು ರೆಂಬೆಯ ತುದಿಯಲ್ಲಿ. ಆದ್ದರಿಂದ ಹೂ ಮುಗಿದ ಮೇಲೆ ತುದಿ ಸವರಿದರೆ ಕವಲು ಹೆಚ್ಚಿ ಗೊಂಚಲೂ ಹೆಚ್ಚುತ್ತದೆ.

ಬಯಲುಸೀಮೆಯಲ್ಲಿ ಗಿಡದ ಎಳೆಯ ಎಲೆಗಳು ಹಳದಿಯಾಗಿ, ನರಗಳು ಮಾತ್ರ ಹಸಿರಾಗಿ ಉಳಿಯುವುದುಂಟು. ಸುಣ್ಣದಂಶವಿರುವ ಕ್ಷಾರೀಯ ಮಣ್ಣಿನಲ್ಲಿ ಕಬ್ಬಿಣವಿದ್ದರೂ ಅದು ನೀರಿನಲ್ಲಿ ಕರಗದು, ಬೇರಿಗೆ ದಕ್ಕದು. ಕಬ್ಬಿಣವಿಲ್ಲದೆ ಪತ್ರಹರಿತು ತಯಾರಾಗದು. ಹಳೆಯ ಎಲೆಯ ಕಬ್ಬಿಣ ಚಿಗುರಿಗೆ ಸುಲಭವಾಗಿ ಸಾಗದ ಕಾರಣ ಕೊರತೆ ಮೊದಲು ಕಾಣುವುದು ಎಳೆ ಎಲೆಯಲ್ಲೇ. ಎಲೆಗೊಬ್ಬರ, ಕಾಂಪೋಸ್ಟ್ ಹಾಕಿ. ಗಡಸು ನೀರಿನ ಬದಲು ಮಳೆನೀರು ಬಳಸಿ.

ಇದನ್ನು ಶಾಲೆಯಲ್ಲೇ ಪರೀಕ್ಷಿಸಬಹುದು. ಒಂದೇ ಗಿಡದ ಕಡ್ಡಿಗಳಿಂದ ಬೆಳೆದ ಸಸಿಗಳನ್ನು ಎರಡು ಕುಂಡಗಳಲ್ಲಿ ನೆಟ್ಟು, ಒಂದರ ಮಣ್ಣಿಗೆ ಮಾತ್ರ ಸ್ವಲ್ಪ ಸುಣ್ಣ ಬೆರೆಸಿ. ಸಸಿಗಳ ಆನುವಂಶಿಕ ಗುಣ ಒಂದೇ ಆಗಿರುವುದರಿಂದ, ಬಿಸಿಲು, ನೀರನ್ನೂ ಸಮನಾಗಿಟ್ಟರೆ, ಎಲೆಯ ಬಣ್ಣದ ವ್ಯತ್ಯಾಸಕ್ಕೆ ಮಣ್ಣೇ ಕಾರಣವೆಂದು ತೀರ್ಮಾನಿಸಬಹುದು.

ಎಚ್ಚರಿಕೆ: ಕೇಪಳವನ್ನೇ ಹೋಲುವ ಅಲಂಕಾರಿಕ ತಳಿಗಳು ನರ್ಸರಿಗಳಲ್ಲಿವೆ, ಅವಕ್ಕೆ ಕೀಟನಾಶಕ ಸಿಂಪಡಿಸಿರಲೂಬಹುದು. ಬಲ್ಲವರು ಗುರುತಿಸಿದ ಹೂವನ್ನಷ್ಟೇ ಅಡುಗೆಗೆ ಬಳಸಿ.

ಗುಡ್ಡವನ್ನು ಸಮತಟ್ಟು ಮಾಡಿದರೆ ಮೊದಲು ಹೋಗುವುದು ಇಂತಹ ಪೊದೆಗಳೇ. ಬುಡಸಹಿತ ಕಿತ್ತು ತರಬೇಡಿ, ಕಡ್ಡಿಯಷ್ಟೇ ಸಾಕು. ಹೂ ಕೊಯ್ಯುವಾಗಲೂ ಕೆಲವು ಗೊಂಚಲು ಬಿಡಿ. ಚಿಟ್ಟೆಗೆ ಮಕರಂದ, ಹಕ್ಕಿಗೆ ಹಣ್ಣು, ಗುಡ್ಡಕ್ಕೆ ಬೀಜ ಉಳಿಯುವುದು ಅದರಿಂದಲೇ.